ನಾಲ್ಕನೆಯಾಕಿ

ಅಸೂಟಿ ಸರ್ ಮೊಬೈಲನ್ನ ಎಣ್ಣಿಮಿಲ್ಲಿನ ಕಟ್ಟಿಗೆ ಆನಿಸಿ ಇಟ್ಟು
ಬಿಸಲು ಬೀಳಬಾರದಂತ ತಮ್ಮ ಟೋಪಿ ಅಡ್ಡ ಹಿಡಿದು
ನಮಗ ತೋರಿಸಿದರು:
ಯಾವುದೋ ದೇಶದ ರಾಡಿ, ಯಾವುದೋ ದೇಶದ ಚಳಿ,
ಜಗತ್ತೆಲ್ಲಾ ಕೂಡಿ ಒಂದ ಹುಲ್ಲಿನ ದಿಬ್ಬ ಏರತಿತ್ತು.

ಮುಂದ ಕೀನ್ಯಾ, ಇಥಿಯೋಪಿಯಾ, ಉಗಾಂಡಾ.
ಅವರ ಕಾಲು ನೆಲಾ ಮುಟ್ಟತಾವೋ ಇಲ್ಲೋ
ಅಂತ ದಾವಲಬಿ ಎರಡ ಸಲ ಕೇಳಿದಳು.
ಸರ್ ಬೆರಳಿಟ್ಟದ್ದು ಅವರ ಮ್ಯಾಲಲ್ಲ.
ಹಿಂದ, ನಡುವಿನ ಗದ್ದಲದಾಗ:
"ಇವರು ಅಮೆರಿಕದವರು.
ರೊಕ್ಕ ಐತಿ, ಡಾಕ್ಟರ ಅದಾರ, ಬೂಟಿನ ಕಂಪನಿನ ಅವರದು.
ಆದರೂ ಮುಂದಿನವರನ್ನ ಮುಟ್ಟಾಕ ಆಗವಲ್ದು.
ಅದಕ್ಕ ಏನ ಮಾಡ್ಯಾರ ನೋಡ್ರಿ,
ಒಬ್ಬರ ಬೆನ್ನ ಒಬ್ಬರು ಬಿಡವಲ್ಲರು.
ಇದು ಬರೇ ಮೊದಲು ಬರೋ ಓಟಲ್ಲವಾ, ಕೂಡಿಸೋ ಓಟ.
ನಾಕು ಮಂದಿ ನಂಬರ ಕೂಡಸ್ತಾರ,
ಕಡಿಮಿ ಬಂದವರು ಗೆದ್ದರು."

ನನ್ನ ಕಣ್ಣು ಅವರ ನಾಲ್ಕನೆಯವನ ಮ್ಯಾಲೆ ನಿಂತಿತು.
ಕೆಂಪ ಮಾರಿ, ಎದಿಮಟ ರಾಡಿ,
ತೆರದದ್ದು ಮುಚ್ಚಾಕ ಬಾರದ ಬಾಯಿ.
ಹೇಳಾವ ಅವನ ಹೆಸರು ಒಮ್ಮಿನೂ ಹೇಳಲಿಲ್ಲ.
ಅಷ್ಟು ದೊಡ್ಡ ದೇಶದಾವ
ನನ್ನಂಗ ಓಡತಿದ್ದ.

ನಾನು ನಮ್ಮ ಕಾಲೇಜಿನ ನಾಲ್ಕನೆಯಾಕಿ.

*

ಗದಗಿನ ಹೊರಗ, ಬಿಂಕದಕಟ್ಟಿ ದಾಟಿ,
ಕಡ್ಲಿ ಬಿತ್ತಿದ ಹೊಲಗಳ ಬದುವಿನ ಗುಂಟ ಸುಣ್ಣದ ಗೆರಿ.
ಹಿಂದಿನ ರಾತ್ರಿ ಸ್ವಾತಿ ಮಳಿ ಹೊಡದು ಹೋಗಿತ್ತು.
ಎರಿ ನೆಲಾ. ಹೊರಗಿನವರಿಗೆ ತಿಳಿಯಂಗಿಲ್ಲ:
ಮೊದಲಿನ ಹೆಜ್ಜಿಗೆ ಒಂದ ಹಿಡಿ, ಹತ್ತನೆಯದಕ್ಕ ಒಂದ ಸೇರು.
ನೀ ಹೊಲದಾಗ ಓಡಂಗಿಲ್ಲ,
ಹೊಲಾನ ನಿನ್ನ ಕಾಲು ಹಿಡಕೊಂಡು ಓಡತೈತಿ.

ದೂರ ಕಪ್ಪತಗುಡ್ಡದ ಮ್ಯಾಲೆ ಗಾಳಿ ಫ್ಯಾನು.
ಮೂರ ರೆಕ್ಕಿ, ಒಂದರ ಹಿಂದೊಂದು,
ಯಾವುದೂ ಯಾವುದನ್ನೂ ದಾಟವಲ್ದು.
ಅವನ್ನ ನೋಡಬಾರದಿತ್ತು, ನೋಡಿದೆ.
ಒಡ್ಡಿನ ಹತ್ತರ ಎಡಗಾಲಿನ ಬೂಟು ಮಣ್ಣಾಗ ಉಳೀತು.
ಬಗ್ಗಿ ಕಿತ್ತೆ, ಕೈಯಾಗ ಹಿಡಕೊಂಡು ಓಡಿದೆ.
ಅಷ್ಟರಾಗ ಮೂರು ಮಂದಿ.
ಇಬ್ಬರನ್ನ ತಿರುಗಿ ದಾಟಿದೆ.
ಮೂರನೆಯಾಕಿಯ ಜಡಿ ನನ್ನ ಮೂಗಿನ ಮುಂದ
ಕಡೀಮಟ ಹಂಗ ಕುಣಕೊಂತ ಹೋತು.

ಲಲಿತಾ ಲಮಾಣಿ ಮೂರು. ದಾವಲಬಿ ಏಳು.
ಕಳಕವ್ವ ಹನ್ನೊಂದು, ಹೊಟ್ಟಿ ಹಿಡಕೊಂಡು.
ನಾನು ಇಪ್ಪತ್ನಾಕು.
ಸರ್ ಬಸ್ಸಿನ ಟಿಕೆಟಿನ ಹಿಂದ ಕೂಡಿಸಿದರು: ನಲವತ್ತೈದು.
ಹಾವೇರಿಯವರದು ಒಂದು, ಎಂಟು, ಹದಿನಾಕು, ಇಪ್ಪತ್ತೆರಡು.
ಅದೂ ನಲವತ್ತೈದು.
ಸರ್ ಇನ್ನೊಂದ ಸಲ ಕೂಡಿಸಿದರು.
ಮತ್ತೊಂದ ಸಲ, ಕೆಳಗಿಂದ ಮ್ಯಾಲಕ.

ಸಮ ಆದರ ನಾಲ್ಕನೆಯವರನ್ನ ನೋಡತಾರ.
ಮೈಕಿನ್ಯಾಗ ಹಾವೇರಿ ಅಂದರು.

ಲಲಿತಾ ನನ್ನ ಮಾರಿ ನೋಡಲಿಲ್ಲ,
ನೋಡಬಾರದಂತ ನೋಡಲಿಲ್ಲ.
ದಾವಲಬಿ ನನ್ನ ಬೂಟು ಇಸಕೊಂಡು ತೊಳ್ಯಾಕ ಹೋದಳು.

ಇಪ್ಪತ್ಮೂರು ಯಾರಂತ ಹುಡುಕಿದೆ.
ನೀರಿನ ಬ್ಯಾರಲ್ಲಿನ ಹತ್ತರ ಕುಂತಿದ್ದಳು,
ಅದ ಜಡಿ, ರಾಡಿ ಹಿಂಡಿಕೊಂತ.
ಹುಬ್ಬಳ್ಳಿ ಕಾಲೇಜಿನ ಐದನೆಯಾಕಿ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಆಕಿ ಇಪ್ಪತ್ಮೂರಾದರೂ ಅಷ್ಟ, ಐವತ್ತಾದರೂ ಅಷ್ಟ.
ಆಕೀನ ಒಬ್ಬಾಕೀನ ದಾಟಿದ್ದರ
ನಮ್ಮದು ನಲವತ್ನಾಕು.

ಸಿಟ್ಟಲೇ ಕೇಳಿದೆ:
"ನಿನ್ನ ನಂಬರ ಹಿಡಿಯಂಗಿಲ್ಲಂತ ಗೊತ್ತಿತ್ತಿಲ್ಲ?
ಮತ್ಯಾಕ ಅಷ್ಟ ಜೀವಾ ಬಿಟ್ಟು ಓಡಿದಿ?"

ಬೂಟಿನ ಅಡಿ ಕಡ್ಡೀಲೆ ಕೆರಕೊಂತ
ತಲಿ ಎತ್ತಲಿಲ್ಲ.
"ನೀ ಹಿಂದ ಬರಾಕತ್ತಿದ್ದೆಲ್ಲ," ಅಂದಳು.
ಆಮ್ಯಾಲೆ ಕಡ್ಡಿ ಎರಡ ತುಂಡ ಮಾಡಿ
ಒಂದ ನನಗ ಕೊಟ್ಟಳು.