ತಂಗಳು

ಐದೂಮುಕ್ಕಾಲು. ಕುತೈಸಿಯ ಬೀದಿದೀಪ ಇನ್ನೂ ಆರಿಲ್ಲ.
ಕೆಳಗೆ ಜುಂಬೇರನ ಒಲೆ ಹೊತ್ತಿಕೊಳ್ಳುವ ಮೊದಲೇ
ನನ್ನ ಪರದೆ ಹೊತ್ತಿಕೊಳ್ಳುತ್ತದೆ.
ನಲವತ್ತೊಂದು ಪತ್ರಿಕೆಗಳ ಫೀಡು,
ಓದದೆ ಉಳಿದವು ಆರುನೂರ ಹನ್ನೆರಡು.
ರಾತ್ರಿ ಮಲಗುವಾಗ ಐನೂರ ತೊಂಬತ್ತಿತ್ತು;
ನಾನು ಗೊರಕೆ ಹೊಡೆಯುವಾಗಲೂ ಜಗತ್ತಿನಲ್ಲಿ ಯಾರೋ
ಕ್ಷಯದ ಬಗ್ಗೆ ಯೋಚಿಸುತ್ತಿದ್ದರು ಅಂತಾಯಿತು.

ತಲೆಬರಹ ಬರುತ್ತದೆ, ಸಾರಾಂಶ ಬರುತ್ತದೆ,
ಒಳಗೆ ಕಾಲಿಡಲು ದುಡ್ಡು ಕೇಳುವ ಬಾಗಿಲೂ ಬರುತ್ತದೆ.
ಡರ್ಬನ್ನಿನ ಕಫ, ಲಿಮಾದ ಎಕ್ಸ್‌ರೇ,
ಹನೋಯ್‌ನಲ್ಲಿ ಇಲಿಗಳ ಮೇಲೆ ಏನೋ ಒಂದು.
ಇಲಿಯದನ್ನು ಬಿಡುತ್ತೇನೆ. ಇಲಿಗಳು ಯಾವಾಗಲೂ ಗುಣವಾಗುತ್ತವೆ.
ಲೋಬಿಯೋಗೆ ಕಾಳು ಆರಿಸಿದ ಹಾಗೆ
ಕಲ್ಲು ಈಚೆ, ಕಾಳು ಆಚೆ.
ಕನ್ನಡಕ ಒಂದು, ನಿಘಂಟು ಎರಡು.
ನಾನು ಕಲಿತದ್ದು ರಷ್ಯನ್ನಿನಲ್ಲಿ;
ರೋಗ ಈಗ ಇಂಗ್ಲಿಷಿನಲ್ಲಿ ವಾಸಿಯಾಗುತ್ತದೆ.

ಪಟ್ಟಿಯ ಕೊನೆಗೆ ತಾಷ್ಕೆಂಟಿನದೊಂದಿದೆ.
ನಾಲ್ಕು ವರ್ಷದಿಂದ ಅದರ ಮುಂದೆ ಬರೀ ಸೊನ್ನೆ.
ಅಳಿಸಿಲ್ಲ.

ಆಗ ಹೀಗಿರಲಿಲ್ಲ.
ಗ್ರಂಥಾಲಯದ ಎತೇರಿ ಕಟ್ಟಿನ ಹುರಿ ಬಿಚ್ಚುತ್ತ
"ತ್ಸಿಯಾಲಾ, ಮಾರ್ಚಿನದು ಬಂತು" ಅನ್ನುವಳು, ಅಕ್ಟೋಬರಿನಲ್ಲಿ.
ಆಮೇಲೆ ಅದೂ ಬರಲಿಲ್ಲ.
ದೇಶ ಒಡೆಯಿತು, ಕರೆಂಟು ಹೋಯಿತು,
ಮೂರು ಚಳಿಗಾಲ ಒಂದು ಹಾಳೆಯೂ ಇಲ್ಲ.
ಕುರ್ಚಿ ಮುರಿದು ಒಲೆಗೆ ಹಾಕಿದೆವು.
ಸಂಪುಟಗಳ ಮೈ ಮುಟ್ಟಲು ಎತೇರಿ ಬಿಡಲಿಲ್ಲ;
ಕೊನೆಗೆ ಅವಳೇ, ದಂತವೈದ್ಯದಿಂದ ಶುರುಮಾಡಿದಳು.
ಇದ್ದಷ್ಟು ವಿದ್ಯೆಯನ್ನೇ
ತಂಗಳು ರೊಟ್ಟಿಯ ಹಾಗೆ ನೆನೆಸಿ ನೆನೆಸಿ
ಮೂರು ವರ್ಷ ರೋಗಿಗಳಿಗೆ ಉಣಿಸಿದೆ.

ಅದಕ್ಕೇ ಈಗ ಈ ಹೊಟ್ಟೆಬಾಕತನ.
ಒಂದು ಬೆಳಗು ತಪ್ಪಿದರೆ ಎದೆ ಢವಢವ.
ವಾರ್ಡಿನ ಬಾದ್ರಿ ನಗುತ್ತಾನೆ:
"ಪಿಂಚಣಿಗೆ ಇನ್ನೆಂಟು ತಿಂಗಳು. ಯಾರಿಗೆ ಓದುತ್ತೀರಿ?"
ಅವನಿಗೆ ಗೊತ್ತಿಲ್ಲ, ಕತ್ತಲಲ್ಲಿ
ಮೊಂಬತ್ತಿ ಹಿಡಿದು ಮದ್ದು ಅಳೆದ ಕೈ
ಅಳತೆ ತಪ್ಪಿತ್ತೋ ಎಂದು ಇವತ್ತಿಗೂ ಎದ್ದು ಕೂರುತ್ತದೆ.

ಇವತ್ತಿನ ಮೂರನೆಯ ಸಾಲು.
ಸಣ್ಣಕ್ಷರ. ಅಬ್ಬರವಿಲ್ಲ.
ಕಾನಾಮೈಸಿನ್ ಚುಚ್ಚುಮದ್ದು ಇನ್ನು ಬೇಡ.
ಚುಚ್ಚಿಸಿಕೊಂಡವರು ಚುಚ್ಚಿಸಿಕೊಳ್ಳದವರಿಗಿಂತ
ಹೆಚ್ಚೇನೂ ಬದುಕಲಿಲ್ಲ.
ಮಾತ್ರೆಗಳೇ ಸಾಕು.
ಎರಡು ಸಲ ಓದಿದೆ. ನಿಘಂಟು ಬೇಕಾಗಲಿಲ್ಲ.

ಎಂಟು ತಿಂಗಳು, ದಿನಕ್ಕೊಂದು ಸೂಜಿ.
ಇಪ್ಪತ್ತೆರಡರ ಹುಡುಗ, ಸೊಂಟ ಕಲ್ಲಾಗಿತ್ತು.
ಮೊದಲು, ಕಿವಿಯಲ್ಲಿ ಜೀರುಂಡೆ ಅಂದ.
ಆಮೇಲೊಂದು ದಿನ
ವಾರ್ಡಿನ ಗಡಿಯಾರ ಯಾಕೆ ನಿಂತಿದೆ ಅಂದ.
ನಿಂತಿರಲಿಲ್ಲ.
"ಉಸಿರೋ ಕಿವಿಯೋ, ಒಂದು ಹೇಳು"
ಅಂದವಳು ನಾನೇ. ಪುಸ್ತಕವೂ ಅದನ್ನೇ ಅಂದಿತ್ತು.
ಪುಸ್ತಕಕ್ಕಾದರೆ ಹೊಸ ಆವೃತ್ತಿ ಬರುತ್ತದೆ.

ಓದಿದ್ದಾಯಿತೆಂದು ಆ ಸಾಲು ಮಾಸಿತು.
ಎಣಿಕೆಯಲ್ಲಿ ಒಂದು ಕಡಿಮೆ.
ಚಪ್ಪಲಿ ಮೆಟ್ಟಿ ಕೆಳಗಿಳಿದೆ.

ಜುಂಬೇರ್ ಒಲೆಯ ಬಾವಿಯೊಳಕ್ಕೆ ಸೊಂಟದವರೆಗೆ ಬಾಗಿ
ಹಿಟ್ಟಿನ ದೋಣಿಗಳನ್ನು ಕಾದ ಗೋಡೆಗೆ ಬಡಿಯುತ್ತಿದ್ದ.
ಅವನ ಬೆನ್ನಿಗೆ ಎಲ್ಲ ಹೇಳಿದೆ:
ಯಾವ ಪತ್ರಿಕೆ, ಎಷ್ಟು ದೇಶ, ಎಷ್ಟು ಸಾವಿರ ಜನ,
ಮಾತ್ರೆಗಳ ಹೆಸರು ಕೂಡ.
ಕೊನೆಗೆ, ದನಿ ಎತ್ತದೆ, ಇನ್ನೊಂದು ಮಾತು.

ಎದ್ದ. ಬೆಂಕಿಗೆ ಕೆಂಪಾದ ಮುಖ, ಹುಬ್ಬಿನ ಮೇಲೆ ಹಿಟ್ಟು.
ನನ್ನ ತುಟಿ ನೋಡಿದ. ತುಟಿ ಆಗಲೇ ಮುಚ್ಚಿತ್ತು.
ಬೆರಳೆತ್ತಿದ: ಎರಡಾ?
ಬೇಕಿದ್ದುದು ಒಂದೇ.
ಹೂಂ ಎಂದು ತಲೆಯಾಡಿಸಿದೆ.

ಸುಡುವ ಎರಡನ್ನೂ ಎದೆಗೆ ಅವಚಿ
ಮೇಲೆ ಬರುವಷ್ಟರಲ್ಲಿ
ಇನ್ನೂ ಏಳು ಬಂದು ಕೂತಿದ್ದವು.