ಮೂರನೆಯ ಬಾವಿ

ಭಾನುವಾರ ಶಾಲೆಗೆ ಹನ್ನೊಂದು ಮಕ್ಕಳು.
ಈ ವಾರದ ಪಾಠ ಇಸಾಕ.
ಪಾದ್ರಿಯವರ ಪ್ರಸಂಗದಲ್ಲೆಲ್ಲ ಅಪ್ಪನೇ ದೊಡ್ಡವನು:
ಕರೆದಾಗ ಹೊರಟವನು, ಕೇಳಿದಾಗ ಕೊಟ್ಟವನು,
ಮಗನನ್ನು ಸೌದೆಯ ಮೇಲೆ ಮಲಗಿಸಿದವನು.
ಮಲಗಿದವನ ಮಾತು ಯಾರೂ ಎತ್ತುವುದಿಲ್ಲ.
ಅವನು ಆಮೇಲೆ ಏನು ಮಾಡಿದ?
ಬಾವಿ ತೋಡಿದ, ಮಕ್ಕಳೇ.
ಅಷ್ಟೇ. ಎಲ್ಲಿ ಹೋದರೂ ಬಾವಿ.

ಕಿಟಕಿಯಾಚೆ ಜೋಗಿಮಟ್ಟಿಯ ಕಡೆ
ಗಾಳಿಯಂತ್ರದ ರೆಕ್ಕೆಗಳು ಅವಸರವಿಲ್ಲದೆ ತಿರುಗುತ್ತಿವೆ.
ನನಗೆ ಮಾತ್ರ ನಮ್ಮಪ್ಪ ಏಲಿಯಪ್ಪನ ಬೆನ್ನು ಕಾಣುತ್ತಿದೆ,
ಬೆವರಿಗೆ ಅಂಟಿದ ಕಲ್ಲುಪುಡಿ ಸಮೇತ.
ದುರ್ಗದ ಬಂಡೆಗೆ ಹಾರೆ ಹಾಕಿದವರಿಗೆ ಗೊತ್ತು:
ಇಲ್ಲಿ ನೀರು ಬರುವುದಿಲ್ಲ,
ಒಪ್ಪಿಕೊಳ್ಳುತ್ತದೆ.

ಮೊದಲ ಬಾವಿ ಮೆದೇಹಳ್ಳಿ ದಾರಿಯ ಬದಿಗೆ.
ನಲವತ್ತೆರಡು ಅಡಿಗೆ ಒರತೆ. ಕೇರಿಯೆಲ್ಲ ಇಣುಕಿ ನಗುವಾಗ
ಅಳತೆಯ ಸರಪಳಿ ಹಿಡಿದು ಬಂದರು ಪಾಲಾಕ್ಷಯ್ಯ:
"ಜಾಗ ನಿಮ್ದಿರಬೌದು ಏಲಿಯಪ್ಪ, ಸೆಲೆ ನಮ್ದು."
ಸೆಲೆಗೂ ಪಹಣಿ ಉಂಟೇ? ಅಪ್ಪ ಕೇಳಲಿಲ್ಲ.
ಮೊಣಕಾಲಿನ ಕೆಸರು ಒರೆಸಿಕೊಂಡ,
ಹಾರೆ ಹೆಗಲಿಗೇರಿಸಿದ.

ಎರಡನೆಯದಕ್ಕೆ ರಾತ್ರೋರಾತ್ರಿ ಜಾಲಿಮುಳ್ಳು ತುಂಬಿದರು,
ಮೇಲೆ ಎರಡು ಗಾಡಿ ಮಣ್ಣು.
ಬೆಳಗ್ಗೆ ಅಮ್ಮ ಅಂಚಿನಲ್ಲಿ ಕೂತು ಬೈದಳು,
ತುಂಬಿದವರನ್ನಲ್ಲ, ಅಪ್ಪನನ್ನು:
"ದೇವರು ನಿಮಗೆ ಎರಡು ಕೈ ಕೊಟ್ಟಿದ್ದು
ಬರೀ ಅಗಿಯೋಕೇನು?"
ಅಪ್ಪ ಅಂಗಾಲಿನಿಂದ ಒಂದು ಮುಳ್ಳು ಕಿತ್ತ.
"ಕೊಟ್ಟೋನು ಇನ್ನೊಂದ್ ಕಡೆ ಕೊಡ್ತಾನೆ, ಸುವಾರ್ತ."
ಆವತ್ತು ನನಗೆ ಹನ್ನೆರಡು ವರ್ಷ.
ಅದು ಹೇಡಿಯ ಮಾತಾಗಿ ಕೇಳಿಸಿತು.
ಬಹಳ ವರ್ಷ ಹಾಗೇ ಕೇಳಿಸಿತು.

ಇಸಾಕನಿಗೂ ಬರಗಾಲದಲ್ಲಿ ಐಗುಪ್ತದ ದಾರಿ ತೆರೆದೇ ಇತ್ತು.
ಇಲ್ಲೇ ಇರು ಅಂದದ್ದಕ್ಕೆ ಇದ್ದ.
ಅಪ್ಪನ ಕಾಲದ ಬಾವಿಗಳ ಮಣ್ಣು ತೆಗೆದ,
ಹಳೆಯ ಹೆಸರಿಂದಲೇ ಅವನ್ನು ಕರೆದ.
ಹೊಸದು ತೋಡಿದರೆ ಜಗಳ. ಏಸೆಕ್ ಎಂದು ಹೆಸರಿಟ್ಟು ಸರಿದ.
ಇನ್ನೊಂದಕ್ಕೆ ಹಗೆ. ಸಿಟ್ನಾ ಎಂದು ಹೆಸರಿಟ್ಟು ಸರಿದ.
ಮೂರನೆಯದಕ್ಕೆ ಯಾರೂ ಬರಲಿಲ್ಲ.
ರೆಹೋಬೋತ್. ಕಾಲು ಚಾಚುವಷ್ಟು ಜಾಗ.

"ಇಸಾಕ ಹೆದರ್ಕೊಂಡಿದ್ನಾ ಟೀಚರ್?"
ಹಿಂದಿನ ಬೆಂಚಿನ ಬೆನಾಯ.
ಪಾಠದ ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ.

ಒಮ್ಮೆ ಕೆಳಗಿನಿಂದ ಕತ್ತಿಯನ್ನು ನೋಡಿದವನು,
ಅದರ ಹಿಂದಿನ ಆಕಾಶವನ್ನು, ಅಪ್ಪನ ನಡುಗುವ ಗಡ್ಡವನ್ನು,
ಆಮೇಲೆ ಪೊದೆಯಲ್ಲಿ ಏನೋ ಒದ್ದಾಡಿದ ಸದ್ದು ಕೇಳಿದವನು,
ನೀರಿಗಾಗಿ ಇನ್ನೊಬ್ಬನ ಮೇಲೆ ಹೇಗೆ ಕೈ ಎತ್ತಿಯಾನು?
ಉಸಿರೇ ವಾಪಸು ಬಂದ ವಸ್ತು ಎಂದು ಬಲ್ಲವನಿಗೆ
ಬಾವಿ ಯಾವ ಲೆಕ್ಕ.

ಇರಬಹುದು. ಹೆದರಿದ್ದನೂ ಇರಬಹುದು.
"ಹೆದರಿಕೊಂಡೇ ತೋಡಿದ ಅಂತ ಬರ್ಕೊಳ್ಳಿ" ಅಂದೆ.
ಹನ್ನೊಂದು ಪೆನ್ಸಿಲ್ಲು ಸದ್ದು ಮಾಡಿದವು.

ಹೇಳದೆ ಬಿಟ್ಟದ್ದು ಇದು:
ನಮ್ಮ ಮೂರನೆಯದು ಹಿತ್ತಲಲ್ಲಿ, ಬರೀ ಕಗ್ಗಲ್ಲು.
ಒಂಬತ್ತು ತಿಂಗಳು. ಹಾರೆ ಗೇಣುದ್ದ ಸವೆಯಿತು.
ನೀರು ಸ್ವಲ್ಪ ಒಗರು, ಆದರೂ ನೀರು.
ನಾಲ್ಕು ಬೇಸಿಗೆ ಕಳೆದು, ಅವರ ಸೆಲೆ ಬತ್ತಿ,
ಪಾಲಾಕ್ಷಯ್ಯನವರೇ ಬಿಂದಿಗೆ ಹಿಡಿದು ಬೇಲಿ ಹತ್ತಿರ ನಿಂತರು.
ಅಮ್ಮ ಮುಖ ನೋಡದೆ ಹಗ್ಗ ಕೊಟ್ಟಳು.
"ವಯಸ್ಸಾದೋರು, ಸೇದಿ ಕೊಡು" ಅಂತ ನನಗೆ ಅಂದಳು.
ಸೇದಿದೆ. ಎತ್ತಿಕೊಡುವಾಗ ಬೇಕಂತಲೇ
ಅರ್ಧ ಬಿಂದಿಗೆ ಅವರ ಕಾಲಮೇಲೆ ಚೆಲ್ಲಿದೆ.

ಅಪ್ಪ ನೋಡಿದ. ಬೈಯಲಿಲ್ಲ.
ಜಗಲಿಯಿಂದ ಇಳಿದು ಬಂದ,
ನನ್ನ ಕೈಯಿಂದ ಹಗ್ಗ ತಗೊಂಡ,
ಮತ್ತೆ ಕೊಡ ಇಳಿಬಿಟ್ಟ.