ಖಾಲಿ ಲಾರಿಯ ತೂಕ

ಹಾಳೆಯ ನೆತ್ತಿಗೆ ‘ಶ್ರೀ’ ಬರೆಯಬೇಕೋ ಬೇಡವೋ,
ಅಲ್ಲಿಗೇ ಮುಗಿಯಿತು ಮೊದಲ ರಾತ್ರಿ.
ದೆವ್ವಗಳ ವಹಿಗೆ ದೇವರ ಸಹಿ ಯಾಕೆ?
ಬರೆಯದಿದ್ದರೆ ದೊಡ್ಡವ್ವ ಸುಮ್ಮನಿರುವಳೇ,
ಸತ್ತು ಹನ್ನೊಂದು ವರ್ಷವಾದರೂ?

ಗಂಗಾವತಿ. ಅಕ್ಕಿ ಗಿರಣಿಗಳ ಸಾಲು ಮುಗಿಯುವಲ್ಲಿ
ಒಂದು ವೇಬ್ರಿಡ್ಜು, ಪಕ್ಕಕ್ಕೆ ಗಾಜಿನ ಗೂಡು.
ಗೂಡಿನೊಳಗೆ ನಾನು,
ರಾತ್ರಿ ಎಂಟರಿಂದ ಬೆಳಗಿನ ಆರು.
ಭತ್ತದ ಲಾರಿ ಬರುತ್ತದೆ, ತೂಗುತ್ತೇನೆ.
ಖಾಲಿಯಾಗಿ ಮರಳುತ್ತದೆ, ಮತ್ತೆ ತೂಗುತ್ತೇನೆ.
ಎರಡರ ನಡುವಿನದು ಭತ್ತ.
ಇಷ್ಟೇ ನನ್ನ ಲೆಕ್ಕ, ಇಷ್ಟೇ ನನ್ನ ಮಾತು.
‘ಮೂಗ ಏನಪಾ ಇಂವ?’ ಅಂತಾರೆ ಹೊಸ ಡ್ರೈವರುಗಳು.

ಅವರಿಗೇನು ಗೊತ್ತು,
ತೂಕದ ಚೀಟಿಗಳ ಬೆನ್ನಿಗೆ
ಹದಿನಾಲ್ಕು ವರ್ಷದಿಂದ ನಾನು ಬರೆದಿಟ್ಟದ್ದು:
ಕ್ಯಾಂಪಿನ ಕಾಲುವೆಗೆ ನೀರು ಬಿಟ್ಟ ರಾತ್ರಿ
ಗೇಟು ತಿರುವುತ್ತಿದ್ದ ಕೈ. ಬರೀ ಕೈ.
ಸಿಂಧನೂರು ರಸ್ತೆಯಲ್ಲಿ ಲಾರಿ ಹತ್ತಿ
ಇಳಿಯುವ ಮೊದಲೇ ಇಲ್ಲವಾದವಳು ಕೊಟ್ಟ ಹತ್ತು ರೂಪಾಯಿ
(ನೋಟು ಖರೇ, ಬೆಳಿಗ್ಗೆ ಚಹಾದವನು ತಗೊಂಡ).
ಬಾಯ್ಲರಿನ ಹೊಟ್ಟಿನ ಬೂದಿಯಲ್ಲಿ
ತಿಂಗಳಿಗೊಮ್ಮೆ ಮೂಡುವ ಎಳೆಮಗುವಿನ ಹೆಜ್ಜೆ,
ಒಂದೇ ಒಂದು, ಎಡಗಾಲಿನದು.
ಹೇಳಿದವರ ಹೆಸರಿಲ್ಲ. ಲಾರಿ ನಂಬರು ಇದೆ.

ಪುಸ್ತಕಗಳೂ ಇವೆ, ಟ್ರಂಕಿನಲ್ಲಿ, ಅಂಗಿಗಳ ಕೆಳಗೆ.
ಅರ್ಧ ತಿಳಿಯುವ ತೆಲುಗು,
ತಾಮ್ರದ ತಗಡಿಗೆ ಯಂತ್ರ ಕೊರೆಯುವ ಬಗೆ.
ಕೊನೆಯ ಎರಡು ಪುಟ ಯಾರೋ ಬೇಕೆಂದೇ ಹರಿದಿದ್ದಾರೆ.
ಮಾಟ ಮಾಡಿಲ್ಲ ನಾನು, ಮಾಡಿಸಿಲ್ಲ.
ಹೆದರಿಕೆ ಅಂದರೆ ನನಗೆ ಸೇರುತ್ತದೆ, ಅಷ್ಟೇ,
ಕೆಲವರಿಗೆ ಹುಣಸೆ ಚಿಗಳಿ ಸೇರಿದ ಹಾಗೆ:
ಹಲ್ಲು ಚುಳ್ ಅನ್ನಬೇಕು, ಕಣ್ಣು ತಾನಾಗಿ ಮುಚ್ಚಬೇಕು,
ಮತ್ತೊಂದು ಬೇಕು.

ಕಾರಟಗಿಗೆ ಹೆಣ್ಣು ನೋಡಲು ಹೋದಾಗ
‘ಕೆಲಸ ಬಿಟ್ಟರ ಏನ್ ಮಾಡ್ತೀರಿ?’ ಅಂದರು.
‘ಓದತೀನಿ’ ಅಂದೆ.
‘ಏನು?’ ಅಂದರು.
ಸುಸಲ ಬಾಯಿ ತುಂಬ ತುಂಬಿಕೊಂಡೆ.

ಹೋದ ಅಮಾಸಿ ಮಧ್ಯಾಹ್ನ
ಹಿರೇಬೆಣಕಲ್ ಗುಡ್ಡ ಹತ್ತಿದೆ, ಒಬ್ಬನೇ.
ಮೋರ್ಯರ ಮನೆಗಳು. ಸುತ್ತ ಚಪ್ಪಡಿ, ಮೇಲೊಂದು ಚಪ್ಪಡಿ,
ಬಾಗಿಲಿಲ್ಲ.
ಒಂದು ಗೋಡೆಗೆ ಮಾತ್ರ ದುಂಡನೆಯ ಕಂಡಿ, ರೊಟ್ಟಿಯಷ್ಟು.
ಮೊಳದುದ್ದದ ಮಂದಿ ಇದ್ದರು ಅಂತಾರೆ ಕುರಿಯವರು,
ಸತ್ತವರಿಗೆ ಕಟ್ಟಿದ್ದು ಅಂತಾರೆ ಓದಿದವರು.
ಮಂಡಿಯೂರಿ ಕೈ ಹಾಕಿದೆ, ಮೊಣಕೈ ತನಕ.
ಹೊರಗೆ ಬಂಡೆ ಸುಡುತ್ತಿತ್ತು. ಒಳಗೆ ತಂಪು.
ಯಾರೂ ಹಿಡಿಯಲಿಲ್ಲ.
ಯಾರೂ ಹಿಡಿಯಲಿಲ್ಲ ಅನ್ನುವುದೇ
ಇಳಿಯುವಾಗ ಬೆನ್ನ ಹಿಂದೆ ಬಂತು.

ಆ ವಾರವೇ ಬಸ್ ಸ್ಟ್ಯಾಂಡಿನೆದುರು
ಇನ್ನೂರು ಪುಟದ ವಹಿ ಕೊಂಡೆ, ಗಟ್ಟಿ ರಟ್ಟಿನದು.
ಚೀಟಿ ಕೊಡುವ ಕಂಡಿಯ ಹೊರಗೆ, ಮೊಳೆಗೆ,
ಸುತಳಿ ಕಟ್ಟಿ ತೂಗುಹಾಕುತ್ತೇನೆ, ಪೆನ್ನಿನ ಸಮೇತ.
ಪಾಳಿ ಕಾಯುವವರು ಓದಲಿ, ಬೇಕಾದರೆ ಬರೆಯಲಿ.
ಯಾರದು ಅಂದರೆ ಮಾಲಕರದು ಅನ್ನುತ್ತೇನೆ.
ಬಾಗಿಲು ತೆಗೆಯುವ ಜಾತಿಯವನಲ್ಲ ನಾನು.
ಒಂದು ಕೈ ಹಿಡಿಸಿದರೆ ಸಾಕು.

ಮೊದಲ ಪುಟಕ್ಕೆ ಇದು:
ಒಂಬತ್ತು ವರ್ಷದ ಹಿಂದೆ, ಚಳಿಗಾಲ, ಖಾಜಾವಲಿಯ ಲಾರಿ.
ಖಾಲಿ ಇದ್ದಾಗಲೆಲ್ಲ ಹತ್ತು ಟನ್ನು ನೂರಾ ಇಪ್ಪತ್ತು ಕಿಲೊ.
ಆ ರಾತ್ರಿ ನೂರಾ ಎಪ್ಪತ್ತು.
ಬ್ಯಾಟರಿ ಹಿಡಿದು ಸುತ್ತು ಹಾಕಿದೆ. ಕ್ಲೀನರ್ ಊರಿಗೆ ಹೋಗಿದ್ದ.
ಕಲ್ಲಿಲ್ಲ, ಮಣ್ಣಿಲ್ಲ, ಮರೆತ ಚೀಲವಿಲ್ಲ.
ಬಂಪರಿನ ನಿಂಬೆಹಣ್ಣು ಮಾತ್ರ ಅಲುಗುತ್ತಿತ್ತು,
ಗಾಳಿ ಇರಲಿಲ್ಲ.
‘ಸರಿ ಐತೇನ್ರೀ ಯಂಕೋಬಣ್ಣ?’
‘ಸರಿ ಐತಿ, ಹೋಗು.’
ಚೀಟಿಯಲ್ಲಿ ಹಳೆಯ ತೂಕವನ್ನೇ ಬರೆದುಕೊಟ್ಟೆ.
ಆ ಐವತ್ತು ಕಿಲೊ ಯಾರ ಲೆಕ್ಕಕ್ಕೂ ಸೇರದೆ
ನನ್ನ ಹತ್ತಿರವೇ ಉಳಿಯಿತು.
ಇಗೋ, ಇಳಿಸುತ್ತಿದ್ದೇನೆ.

ನೆತ್ತಿಗೆ ‘ಶ್ರೀ’ ಬರೆದೆ ಕಡೆಗೂ, ಸಣ್ಣದಾಗಿ,
ಪೆನ್ಸಿಲಿನಲ್ಲಿ.